ಕಿಟಕಿಯ ಪಕ್ಕದ ಮೊಳೆ

ಅಳತೆ ಕೊಟ್ಟು ಬೂಟು ಹೊಲಿಸಿಕೊಳ್ಳುವವರು ಈ ಕಾಲದಲ್ಲೂ ಇದ್ದಾರೆಯೇ ಎಂದು ಕೇಳುವವರು ಮೇಸ್ತ್ರಿಯ ಅಂಗಡಿಯ ಗೋಡೆಯನ್ನೊಮ್ಮೆ ನೋಡಬೇಕು. ಮೇಲಿನಿಂದ ಕೆಳಗಿನವರೆಗೆ ಮರದ ಪಾದಗಳು. ಮೊದಲ ಸಲ ಬಂದ ಗಿರಾಕಿಯನ್ನು ಮೇಸ್ತ್ರಿ ಕಾಗದದ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಆ ಗೆರೆಗೆ ತಕ್ಕಂತೆ ಮರ ಕೆತ್ತಿ ಒಂದು ಜೊತೆ ಅಚ್ಚು ಮಾಡುತ್ತಾನೆ. ಚರ್ಮವನ್ನು ಆ ಅಚ್ಚಿನ ಮೇಲೆಳೆದು ಹೊಲಿದರೆ ಬೂಟು ಅವರ ಕಾಲಿಗಲ್ಲದೆ ಇನ್ನೊಬ್ಬರ ಕಾಲಿಗೆ ಒಗ್ಗುವುದಿಲ್ಲ. ಆಮೇಲೆ ಅಚ್ಚಿಗೆ ಚೀಟಿ ಅಂಟಿಸಿ ಮೊಳೆಗೆ ತೂಗುಹಾಕುವುದು. ‘ಔಷಧಿ ಅಂಗಡಿಯವರು’, ‘ಸಂಗೀತದ ಟೀಚರ್, ಎಡಗಾಲು ದಪ್ಪ’, ‘ಮಹಾ ಜಿಪುಣ’. ಕೊನೆಯದರ ಒಡೆಯ ಬಂದಾಗ ಮೇಸ್ತ್ರಿ ಆ ಅಚ್ಚನ್ನು ತಿರುಗಿಸಿ ಹಾಕುತ್ತಿದ್ದ.

ಅಪ್ಪನ ಕಾಲದಿಂದ ಬಂದ ಒಂದು ಪದ್ಧತಿ ಆ ಮನೆಯಲ್ಲಿತ್ತು. ಗಿರಾಕಿ ತೀರಿಕೊಂಡ ಸುದ್ದಿ ಬಂದರೆ ಅವನ ಅಚ್ಚನ್ನು ಇಳಿಸಿ ಹಿತ್ತಲಿನ ನೀರೊಲೆಗೆ ಹಾಕಿಬಿಡಬೇಕು. ಸತ್ತವರ ಕಾಲು ಗೋಡೆಯ ಮೇಲೆ ಇರಬಾರದು, ಇಟ್ಟುಕೊಂಡರೆ ಮನೆಯೊಳಗೆ ಓಡಾಡುವುದಕ್ಕೆ ಶುರುಮಾಡುತ್ತದೆ ಎಂದು ಮೇಸ್ತ್ರಿಯ ತಾಯಿ ಹೇಳುತ್ತಿದ್ದಳು. ಹಾಗಾಗಿ ಬೀದಿಯ ಎಷ್ಟೋ ಹಿರಿಯರು ಕೊನೆಗೆ ಈ ಮನೆಯವರ ಸ್ನಾನದ ನೀರಿಗೆ ಬಿಸಿಯಾಗಿ ಹೋಗಿದ್ದರು.

ಪದ್ಧತಿ ತಪ್ಪಿದ್ದು ಒಂದೇ ಸಲ. ಕಿಟಕಿಯ ಪಕ್ಕದ ಮೊಳೆಗೆ ಒಂದು ಜೊತೆ ಕಿರಿದಾದ, ನೀಳವಾದ ಅಚ್ಚು ತೂಗುತ್ತಿತ್ತು. ಅದು ಮೇಸ್ತ್ರಿಯ ಮೊದಲ ಹೆಂಡತಿಯ ಪಾದ. ಅವಳು ಸತ್ತು ನಾಲ್ಕು ವರ್ಷವಾಗಿತ್ತು. ಯಾರೂ ಅದನ್ನು ಇಳಿಸಿರಲಿಲ್ಲ, ಇಳಿಸು ಎಂದು ಯಾರೂ ಹೇಳಿರಲಿಲ್ಲ.

ಎರಡನೆಯವಳು ಬಂದು ಹದಿನೆಂಟು ತಿಂಗಳು. ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸ ಅವಳದು. ಬೀದಿಯವರು ಅವಳನ್ನು ಮೀಟರಮ್ಮ ಎಂದೇ ಕರೆಯುತ್ತಿದ್ದರು. ದಿನಕ್ಕೆ ಒಂಬತ್ತು ಬೀದಿ ನಡೆಯುತ್ತಿದ್ದಳು. ಅಗಲ ಪಾದ, ಗಟ್ಟಿ ಹಿಮ್ಮಡಿ. ಆ ಪಾದಕ್ಕೆ ಸಂತೆಯಲ್ಲಿ ಕೊಂಡ ಕ್ಯಾನ್ವಾಸ್ ಬೂಟು. ಮೇಸ್ತ್ರಿಯ ಹೆಂಡತಿಯ ಕಾಲಿಗೆ ಸಂತೆಯ ಬೂಟೇ, ದೀಪದ ಬುಡದಲ್ಲೇ ಕತ್ತಲೆ ಎಂದು ಮೀಟರ್ ತೋರಿಸಲು ಬಂದ ಹೆಂಗಸರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಆದರೆ ಕೆಲಸಕ್ಕೆ ಹೊರಡುವಾಗ ದಿನವೂ ಆ ಗೋಡೆಯನ್ನು ದಾಟಿ ಹೋಗಬೇಕಿತ್ತು. ಬೀದಿಯ ಜಿಪುಣನಿಗೂ ಅಲ್ಲಿ ಒಂದು ಮೊಳೆಯಿತ್ತು, ಅವಳಿಗಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಕೇಳಿದ್ದರೆ ಮೇಸ್ತ್ರಿ ಇಲ್ಲ ಎನ್ನುತ್ತಿರಲಿಲ್ಲ. ಕೇಳಿ ಹಾಕಿಸಿಕೊಂಡ ಮೊಳೆ ಅವಳಿಗೆ ಬೇಡವಾಗಿತ್ತು.

ಹಾಗೆಂದು ಮೇಸ್ತ್ರಿ ಪ್ರೀತಿಯಿಲ್ಲದವನೇನಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅವಳಿಗೆ ಟೀ ಮಾಡಿ, ಮೇಲೊಂದು ತಟ್ಟೆ ಮುಚ್ಚಿ, ಅವಳು ಏಳುವವರೆಗೂ ಬಿಸಿಯಾಗಿರಲೆಂದು ಒಲೆಯ ಅಂಚಿಗೆ ಇಡುತ್ತಿದ್ದ. ಅವಳ ಬ್ರೆಡ್ಡಿನ ಗಟ್ಟಿ ಅಂಚನ್ನು ಕತ್ತರಿಸಿ ತೆಗೆಯುತ್ತಿದ್ದ. ಅವಳು ಮಲಗುವ ಕಡೆಯ ಕಿಟಕಿಯನ್ನು ಒಂದು ಗೇಣು ತೆರೆದಿಡುತ್ತಿದ್ದ. ಇಂಥ ಗಂಡ ಯಾರಿಗೆ ಸಿಗುತ್ತಾನೆ ಎಂದು ಮೊದಮೊದಲು ಅವಳು ಹಿಗ್ಗಿ ಹೀರೇಕಾಯಿ ಆಗಿದ್ದಳು. ಟೀಗೆ ಎರಡು ಚಮಚ ಸಕ್ಕರೆ ಹೆಚ್ಚೆನಿಸಿದರೂ ಕುಡಿದಳು. ಬ್ರೆಡ್ಡಿನಲ್ಲಿ ಅವಳಿಗೆ ಇಷ್ಟವಾದದ್ದೇ ಆ ಅಂಚು. ಆದರೂ ಬಾಯಿ ಬಿಡಲಿಲ್ಲ. ಕಿಟಕಿಯ ಗಾಳಿಗೆ ಕಿವಿ ನೋಯುತ್ತಿತ್ತು, ಹೊದಿಕೆ ಎಳೆದುಕೊಂಡಳು.

ಒಂದು ಬೆಳಿಗ್ಗೆ ಮೇಸ್ತ್ರಿ ಅಂಚು ಕತ್ತರಿಸುವ ಸದ್ದು ಕೇಳಿ ಅಜ್ಜಿ ಮಾತು ತೆಗೆದಳು. ಅಜ್ಜಿ ಎಂದರೆ ಮೇಸ್ತ್ರಿಯ ತಾಯಿ. ಅವಳ ಕಣ್ಣು ಮಂಜಾಗಿ ಬಹಳ ಕಾಲವಾಗಿತ್ತು. ಮನೆಯನ್ನು ಕಿವಿಯಿಂದಲೇ ನೋಡುತ್ತಿದ್ದಳು. ಸತ್ತ ಸೊಸೆಯನ್ನು ದೊಡ್ಡವಳು ಎನ್ನುತ್ತಿದ್ದಳು.

“ದೊಡ್ಡವಳಿಗೂ ಅಂಚು ಆಗ್ತಿರ್ಲಿಲ್ಲ. ಹಲ್ಲು ಸೂಕ್ಷ್ಮ ಅವಳದ್ದು.”

ಮೀಟರಮ್ಮನ ಕೈಯಲ್ಲಿದ್ದ ತುಂಡು ಅಲ್ಲೇ ನಿಂತಿತು. ದೊಡ್ಡವಳು ಟೀಗೆ ಸಕ್ಕರೆ ಎಷ್ಟು ಹಾಕಿಕೊಳ್ಳುತ್ತಿದ್ದಳು ಎಂದು ಮೆಲ್ಲಗೆ ಕೇಳಿದಳು. ಎರಡು ಚಮಚ ಎಂದಳು ಅಜ್ಜಿ. ಮಲಗುವಾಗ ಸೆಕೆ ಅನ್ನುತ್ತಿದ್ದಳೇ? ಅಯ್ಯೋ, ಚಳಿಗಾಲದಲ್ಲೂ ಕಿಟಕಿ ತೆರೆದೇ ಇರಬೇಕಿತ್ತು. ಮೇಸ್ತ್ರಿ ಆಗಲೇ ಕೆಳಗೆ ಅಂಗಡಿಗೆ ಇಳಿದುಹೋಗಿದ್ದ. ಒಂದೂವರೆ ವರ್ಷದಿಂದ ತಾನು ಉಂಡದ್ದು, ಕುಡಿದದ್ದು, ಮೈಗೆ ತಾಗಿದ ಗಾಳಿ ಕೂಡ ಇನ್ನೊಬ್ಬಳ ಪಾಲಿನದು ಎಂದು ಅವಳಿಗೆ ಅಂದು ತಿಳಿಯಿತು. ಹೆದರಿಕೆಯಾಯಿತು. ಜೊತೆಯಲ್ಲಿ ಮೀಟರ್ ಓದುವ ಗೆಳತಿಗೆ ಹೇಳಿಕೊಂಡಾಗ ಆಕೆ ನಿಟ್ಟುಸಿರು ಬಿಟ್ಟು, ಬದುಕಿರುವ ಸವತಿಯಾದರೆ ಜಗಳವನ್ನಾದರೂ ಆಡಬಹುದಿತ್ತು ಎಂದಳು.

ಪ್ರೇಮಿಗಳ ದಿನಕ್ಕೆ ಮೂರು ವಾರ ಇರುವಾಗಲೇ ಬೀದಿಗೆ ಹುಚ್ಚು ಹಿಡಿಯಿತು. ಬೇಕರಿಯವನು ಬನ್ನುಗಳನ್ನೆಲ್ಲ ಹೃದಯದ ಆಕಾರಕ್ಕೆ ತಂದ. ಔಷಧಿ ಅಂಗಡಿಯವರು ಕೆಮ್ಮಿನ ಸಿರಪ್ಪಿನ ಮೇಲೆ ಕೆಂಪು ಕಾಗದದ ಸರ ಬಿಟ್ಟರು. ಮೇಸ್ತ್ರಿಯ ಅಂಗಡಿಗೂ ಜೋಡಿಗಳು ಬಂದವು. ಇಬ್ಬರಿಗೂ ಒಂದೇ ಬಣ್ಣದ ಬೂಟು ಬೇಕು ಎನ್ನುವವರು, ಬಣ್ಣದ ಮೇಲೆ ಅಲ್ಲೇ ಜಗಳವಾಡಿ ಮುಖ ತಿರುಗಿಸಿಕೊಂಡು ಹೋದವರು, ಮರುದಿನ ಕೈ ಹಿಡಿದುಕೊಂಡು ಬಂದವರು.

ಒಂದು ಸಂಜೆ ಬಸ್ಸು ಓಡಿಸುವ ಹುಡುಗನೊಬ್ಬ ಒಬ್ಬನೇ ಬಂದ. ತನ್ನ ಹುಡುಗಿಗೆ ಬೂಟು ಬೇಕು, ಅವಳಿಗೆ ತಿಳಿಯಬಾರದು, ಕಾಲು ಹೆಚ್ಚುಕಡಿಮೆ ಇಷ್ಟಿರಬಹುದು ಎಂದು ಗಾಳಿಯಲ್ಲಿ ಕೈಯಿಂದ ತೋರಿಸಿದ. ಕೆಲಸ ಮುಗಿಸಿ ಆಗತಾನೆ ಒಳಗೆ ಬಂದ ಮೀಟರಮ್ಮ ಗೋಡೆಗೊರಗಿ ನಿಂತು ಕೇಳುತ್ತಿದ್ದಳು.

“ಹೆಚ್ಚುಕಡಿಮೆ ಅನ್ನೋದು ನನ್ನ ಹತ್ರ ಇಲ್ಲಪ್ಪ,” ಎಂದ ಮೇಸ್ತ್ರಿ. “ಅವಳನ್ನೇ ಕರ್ಕೊಂಡು ಬಾ, ಇಲ್ಲಾ ಒದ್ದೆ ಕಾಲಿನ ಗುರುತನ್ನಾದ್ರೂ ಕಾಗದದ ಮೇಲೆ ತಗೊಂಡು ಬಾ. ಅಳತೆ ಇಲ್ದೆ ಕೊಟ್ಟಿದ್ದು ಉಡುಗೊರೆ ಅಲ್ಲ, ಶಿಕ್ಷೆ.”

ಹುಡುಗ ಪೆಚ್ಚುಮೋರೆ ಹಾಕಿಕೊಂಡು ಹೋದ. ಗಂಡನ ಮಾತು ಮೀಟರಮ್ಮನಿಗೆ ಬಹಳ ಹಿಡಿಸಿತು. ಅಂದು ಮೆಟ್ಟಿಲು ಹತ್ತುವಾಗ ಅವಳ ಮನಸ್ಸು ಹಗುರವಾಗಿತ್ತು.

ಆ ಅಂಗಡಿಯ ಕಸ ಗುಡಿಸಿ ಅಚ್ಚುಗಳ ಧೂಳು ಒರೆಸುವುದು ಗುಬ್ಬಿಯ ಕೆಲಸ. ಮೊದಲನೆಯವಳ ಒಬ್ಬಳೇ ಮಗಳು. ಗುಬ್ಬಿ ಎಂಬ ಹೆಸರು ಉಳಿದುಕೊಂಡಿತ್ತೇ ಹೊರತು ಹದಿನೈದಕ್ಕೆಲ್ಲ ಬಾಗಿಲಿನ ಚೌಕಟ್ಟಿಗೆ ತಲೆ ತಾಗುವಷ್ಟು ಬೆಳೆದಿದ್ದಳು. ಚಿಕ್ಕಮ್ಮನೊಡನೆ ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಒಂದು ಮಧ್ಯಾಹ್ನ ಶಾಲೆಯಿಂದ ಬಂದವಳು ನೋಡಿದರೆ ಕಿಟಕಿಯ ಪಕ್ಕದ ಮೊಳೆ ಬರಿದಾಗಿತ್ತು. ಅಪ್ಪನ ತೊಡೆಯ ಮೇಲೆ ಅಮ್ಮನ ಅಚ್ಚಿತ್ತು. ಅದರ ಮೇಲೆ ಕಡುಗೆಂಪು ಚರ್ಮ ಎಳೆದು ಬಿಗಿಯುತ್ತಿದ್ದ. ಬಾಯಲ್ಲಿ ಸಣ್ಣ ಮೊಳೆಗಳು, ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಶಾಂತಿ. ಅಮ್ಮ ಇದ್ದಾಗ ಪ್ರತಿ ವರ್ಷ ಪ್ರೇಮಿಗಳ ದಿನಕ್ಕೆ ಅಪ್ಪ ಅವಳಿಗೊಂದು ಜೊತೆ ಬೂಟು ಹೊಲಿಯುತ್ತಿದ್ದ. ಗುಬ್ಬಿ ಅದನ್ನೇ ಮತ್ತೆ ನೋಡಿದಂತೆ ನಿಂತಳು.

“ಯಾರಿಗಪ್ಪ?”

“ನಿನ್ನ ಚಿಕ್ಕಮ್ಮನಿಗೆ. ಹೇಳ್ಬೇಡ, ಗುಟ್ಟು.”

ಅಪ್ಪ, ಅದು ಅವಳ ಅಚ್ಚಲ್ಲ ಎಂದು ಹೇಳಲು ಒಂದು ಗಳಿಗೆ ಸಾಕಿತ್ತು. ಗುಬ್ಬಿ ಹೇಳಲಿಲ್ಲ. ಹೇಳಿದರೆ ಅಚ್ಚು ಮತ್ತೆ ಮೊಳೆಗೆ ಹೋಗುತ್ತದೆ, ಅಪ್ಪನ ಮುಖ ಮತ್ತೆ ಹಿಂದಿನಂತಾಗುತ್ತದೆ. ಪೊರಕೆ ತೆಗೆದುಕೊಂಡು ಗುಡಿಸಿದಳು.

ಪ್ರೇಮಿಗಳ ದಿನ ಬೆಳಿಗ್ಗೆ ಟೀ ಕುಡಿಯುವ ಹೊತ್ತಿಗೆ ಮೇಸ್ತ್ರಿ ಡಬ್ಬಿ ತಂದು ಹೆಂಡತಿಯ ಮುಂದಿಟ್ಟ. ತೆರೆದರೆ ಕಡುಗೆಂಪು ಬೂಟು, ಪಕ್ಕದಲ್ಲಿ ಸಣ್ಣ ಬಕಲು, ಹೊಲಿಗೆ ಇರುವೆ ಸಾಲಿನಷ್ಟು ಸಣ್ಣದು. ಮೀಟರಮ್ಮನಿಗೆ ಅಳು ಬಂದಿತು. ತಾನು ನಿದ್ದೆ ಮಾಡುವಾಗ ಅಳತೆ ತೆಗೆದುಕೊಂಡಿರಬೇಕು ಎಂದುಕೊಂಡಳು. ಹಾಗಾದರೆ ಕೆಳಗೆ ಗೋಡೆಯ ಮೇಲೆ ತನ್ನ ಕಾಲೂ ಇರಬೇಕು. ಮೇಸ್ತ್ರಿ ನೆಲದ ಮೇಲೆ ಕುಳಿತು ತಾನೇ ತೊಡಿಸಿದ. ಮುಂದೆ ಕಿರುಬೆರಳು ಸಿಕ್ಕಿಕೊಂಡಿತು, ಹಿಂದೆ ಹಿಮ್ಮಡಿ ಜಾರಿತು. ಅವನ ಕೈ ನೋಡದೆಯೇ ಪಟ್ಟಿಯನ್ನು ಮೂರನೆಯ ತೂತಿಗೆ ಎಳೆಯಿತು, ಬರಲಿಲ್ಲ. ಮೊದಲನೆಯದಕ್ಕೆ ಹಾಕಿದ.

“ಹೊಸ ಚರ್ಮ. ಒಂದು ವಾರ ಹಾಕಿದ್ರೆ ಕಾಲಿಗೆ ಒಗ್ಗುತ್ತೆ.”

“ಚೆನ್ನಾಗಿದೆ,” ಎಂದಳು. ಗುಬ್ಬಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಮೀಟರಮ್ಮ ಇಳಿಯುವಾಗ ಮರದ ಮೆಟ್ಟಿಲು ಟಕ್ ಟಕ್ ಎಂದಿತು. ಅಜ್ಜಿ ಕಿವಿ ನಿಮಿರಿಸಿ ಕೇಳಿ, ಎಲ್ಲೋ ಕೇಳಿದ ಸದ್ದು, ಆದರೆ ಹೆಜ್ಜೆ ಬೇರೆ ಎಂದಳು. ಅಂಗಡಿ ದಾಟುವಾಗ ಮೀಟರಮ್ಮ ಗೋಡೆಯನ್ನು ಎರಡು ಸಲ ಹುಡುಕಿದಳು. ತನ್ನದು ಕಾಣಲಿಲ್ಲ. ಇನ್ನೂ ಚೀಟಿ ಅಂಟಿಸಿಲ್ಲವೇನೋ ಎಂದು ಸಮಾಧಾನ ಮಾಡಿಕೊಂಡಳು.

ಒಂದು ವಾರ ಕಳೆಯಿತು, ಎರಡು ಕಳೆಯಿತು. ಚರ್ಮ ಕಾಲಿಗೆ ಒಗ್ಗಲಿಲ್ಲ, ಕಾಲೇ ಚರ್ಮಕ್ಕೆ ಬಗ್ಗಿತು. ಐದನೆಯ ಬೀದಿಗೆ ಬರುವಷ್ಟರಲ್ಲಿ ಹಿಮ್ಮಡಿ ಸುಲಿದು ಕಾಲುಚೀಲ ಒದ್ದೆಯಾಗುತ್ತಿತ್ತು. ಯಾರದೋ ಮನೆಯ ನಲ್ಲಿಯಲ್ಲಿ ತೊಳೆದು, ಹತ್ತಿ ಇಟ್ಟು, ಮತ್ತೆ ನಡೆಯುತ್ತಿದ್ದಳು. ಹಳೆಯ ಕ್ಯಾನ್ವಾಸ್ ಬೂಟು ಹಾಕಿಕೊಂಡು ಹೋಗು ಎಂದು ಗೆಳತಿ ಬೈದರೂ ಕೇಳಲಿಲ್ಲ. ಹದಿನೆಂಟು ತಿಂಗಳಲ್ಲಿ ತನಗೆಂದೇ ಬಂದ ಒಂದೇ ವಸ್ತು ಅದು, ಇಷ್ಟು ಬೇಗ ಕಳಚಿಟ್ಟರೆ ಹೇಗೆ? ಊಟಕ್ಕೆ ಕುಳಿತಾಗ ಮೇಸ್ತ್ರಿ ಬೂಟು ಹೇಗಿದೆ ಎಂದು ಕೇಳುವುದು, ಅವಳು ಚೆನ್ನಾಗಿದೆ ಎನ್ನುವುದು ದಿನದ ಪಾಠವಾಯಿತು. ಸೊಸೆಯ ಹೆಜ್ಜೆ ಕುಂಟುತ್ತಿದೆ ಎಂದು ಅಜ್ಜಿ ಮೂರು ಸಲ ಹೇಳಿದಳು. ಮೇಸ್ತ್ರಿ ಪ್ರತಿ ಸಲವೂ ಹೊಸ ಚರ್ಮ ಎಂದ.

ಭಾನುವಾರ ಗುಬ್ಬಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬಕೆಟ್ಟಿನ ನೀರು ಕೆಂಪಾಯಿತು. ಚಿಕ್ಕಮ್ಮನ ಕಾಲುಚೀಲ ಎತ್ತಿ ನೋಡಿ, ಹಾಗೆಯೇ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಮೀಟರಮ್ಮ ಆಲೂಗಡ್ಡೆ ಸುಲಿಯುತ್ತಿದ್ದಳು.

“ಚಿಕ್ಕಮ್ಮ, ಆ ಬೂಟು ಹಾಕ್ಕೋಬೇಡ ಇನ್ಮೇಲೆ.”

“ಯಾಕೆ? ನಿಮ್ಮಪ್ಪ ನನಗೇ ಅಂತ ಮಾಡಿದ್ದು.”

“ನಿನಗಲ್ಲ.”

ಚಾಕು ನಿಂತಿತು. ಗುಬ್ಬಿ ಅಳುತ್ತಲೇ ಎಲ್ಲ ಹೇಳಿದಳು. ಕಿಟಕಿಯ ಮೊಳೆ ಬರಿದಾಗಿದ್ದು, ಅಪ್ಪನ ತೊಡೆಯ ಮೇಲಿದ್ದ ಅಚ್ಚು, ತಾನು ಬಾಯಿ ಮುಚ್ಚಿಕೊಂಡಿದ್ದು. ತನಗೆ ಆಗ ಖುಷಿಯಾಗಿತ್ತು ಎಂಬುದನ್ನೂ ಹೇಳಿಬಿಟ್ಟಳು. ಮೀಟರಮ್ಮ ಅವಳನ್ನು ಬೈಯಲಿಲ್ಲ. ಕೈ ಒರೆಸಿಕೊಂಡು ಬೂಟು ಎತ್ತಿಕೊಂಡು ಬರಿಗಾಲಲ್ಲಿ ಅಂಗಡಿಗೆ ಇಳಿದಳು.

ಮೇಸ್ತ್ರಿ ಕಿಟಕಿಯ ಬಳಿ ದಾರಕ್ಕೆ ಮೇಣ ಹಚ್ಚುತ್ತಿದ್ದ. ಅವಳು ಅವನ ತಲೆಯ ಮೇಲಿನ ಮೊಳೆಯಿಂದ ಅಚ್ಚು ತೆಗೆದು ಬೂಟಿನೊಳಗೆ ಇಳಿಸಿದಳು. ಕೈ ಒತ್ತುವುದೇ ಬೇಕಾಗಲಿಲ್ಲ, ತಾನಾಗಿ ಒಳಗೆ ಹೋಗಿ ಕೂತಿತು. ಮೇಸ್ತ್ರಿ ಅದನ್ನು ನೋಡಿದ. ತಾನು ಮಾಡಿದ್ದೇನೆಂದು ಅದುವರೆಗೂ ಅವನಿಗೆ ನಿಜವಾಗಿ ತಿಳಿದಿರಲಿಲ್ಲ.

“ಅಳತೆ ಕೇಳಿದ್ರೆ ನಿಂಗೆ ಗೊತ್ತಾಗಿಬಿಡುತ್ತೆ ಅಂತ... ಕೈ ತಾನಾಗೇ ಆ ಮೊಳೆಗೆ ಹೋಯ್ತು. ಬೇಕು ಅಂತ ಮಾಡ್ಲಿಲ್ಲ.”

“ಬೇಕು ಅಂತ ಮಾಡಿದ್ರೆ ಜಗಳ ಆಡಿ ಮುಗಿಸ್ತಿದ್ದೆ,” ಎಂದಳು. “ಇಡೀ ಊರಿನ ಕಾಲು ಹಿಡ್ಕೊಂಡು ಅಳತೆ ತಗೋತೀರಿ. ನನ್ನ ಕಾಲು ಒಂದು ದಿನ ನೋಡಿದ್ದೀರಾ? ಅಳತೆ ಇಲ್ದೆ ಕೊಟ್ಟಿದ್ದು ಶಿಕ್ಷೆ ಅಂತ ಆ ಹುಡುಗನಿಗೆ ಹೇಳಿದ್ದು ಯಾರು? ನಂಗೆ ಸಕ್ಕರೆ ಆಗಲ್ಲ. ಬ್ರೆಡ್ಡಿನ ಅಂಚು ಅಂದ್ರೆ ನಂಗೆ ಪ್ರಾಣ. ನೀವು ಯಾರ ಜೊತೆ ಸಂಸಾರ ಮಾಡ್ತಿದ್ದೀರಿ?”

ಸತ್ತವರ ಅಚ್ಚನ್ನು ಏನು ಮಾಡಬೇಕೆನ್ನುವ ಪದ್ಧತಿ ನಿಮ್ಮ ಮನೆಯದೇ, ನಾನು ಹೇಳಬೇಕಾದ್ದಲ್ಲ ಎಂದು ಅವಳು ಅಚ್ಚನ್ನು ಅವನ ಮುಂದಿಟ್ಟು ಮೇಲೆ ಬಂದು, ಬೂಟನ್ನು ಮೆಟ್ಟಿಲ ತುದಿಯಲ್ಲಿಟ್ಟಳು. ಅಂದು ಆಲೂಗಡ್ಡೆಗೆ ಉಪ್ಪು ಬಿದ್ದಿರಲಿಲ್ಲ. ನಾಲ್ವರೂ ಹಾಗೆಯೇ ತಿಂದರು. ಇವತ್ತು ಮನೆಯಲ್ಲಿ ಐದು ಜನ ಉಸಿರಾಡುತ್ತಿರುವ ಹಾಗೆ ಕೇಳುತ್ತಿದೆ ಎಂದು ಅಜ್ಜಿ ತನ್ನಷ್ಟಕ್ಕೇ ಅಂದುಕೊಂಡಳು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಟೀ ಮಾಡಲಿಲ್ಲ. ಹಿತ್ತಲಿಗೆ ಹೋಗಿ ನೀರೊಲೆ ಹೊತ್ತಿಸಿ, ಅಚ್ಚನ್ನು ಮಡಿಲಲ್ಲಿಟ್ಟುಕೊಂಡು ಅದರ ಮುಂದೆ ಕುಳಿತ. ಮೀಟರಮ್ಮ ಬಾವಿಕಟ್ಟೆಯ ಬಳಿ ತಲೆ ಬಾಚುತ್ತಿದ್ದಳು. ಹಾಕಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಬೆಂಕಿ ಚೆನ್ನಾಗಿ ಹತ್ತಿತು. ಅವನು ಒಂದು ಅಚ್ಚನ್ನು ಎತ್ತಿ ಹಿಡಿದ.

ಆಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಟಕ್ ಟಕ್, ಟಕ್ ಟಕ್, ಸಮವಾಗಿ, ಸ್ವಲ್ಪ ಅವಸರವಾಗಿ. ಮೇಲೆ ಅಜ್ಜಿಯ ಮಂಚ ಕಿರುಗುಟ್ಟಿತು.

“ಬಂದ್ಯಾ ದೊಡ್ಡವಳೇ? ಎಷ್ಟು ದಿನ ಆಯ್ತು. ಬಾಗಿಲು ತೆಗ್ದೇ ಇದೆ ನೋಡು,” ಎಂದಳು. ಹೆದರಿದ ದನಿಯಲ್ಲ, ಸಂತೆಯಿಂದ ತಡವಾಗಿ ಬಂದವಳನ್ನು ಕೇಳುವ ದನಿ.

ಮೇಸ್ತ್ರಿ ತಲೆಯೆತ್ತಿದ. ಮೀಟರಮ್ಮ ನೋಡುತ್ತಿದ್ದದ್ದು ಮೆಟ್ಟಿಲನ್ನಲ್ಲ, ಅವನ ಮುಖವನ್ನು. ಆ ಮುಖ ಬೆಳಗಿತು. ಅಷ್ಟು ಬೆಳಕು ಅಲ್ಲಿತ್ತೆಂದೇ ಅವಳಿಗೆ ಗೊತ್ತಿರಲಿಲ್ಲ. ಮದುವೆಯ ದಿನವೂ ಅದು ಅವಳಿಗೆ ಸಿಕ್ಕಿರಲಿಲ್ಲ.

ಹಿತ್ತಲ ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು, ಕಾಲಲ್ಲಿ ಕಡುಗೆಂಪು ಬೂಟು, ಪಟ್ಟಿ ಮೂರನೆಯ ತೂತಿನಲ್ಲಿ.

“ಅಪ್ಪ, ಸುಡ್ಬೇಡ. ನಂಗೆ ಸರಿಯಾಗಿದೆ ನೋಡು. ಇದು ನನ್ನ ಕಾಲೇ.”

ಮೇಸ್ತ್ರಿ ಮಗಳ ಕಾಲು ನೋಡಿದ, ಕೈಯಲ್ಲಿದ್ದ ಅಚ್ಚು ನೋಡಿದ, ಕೊನೆಗೆ ಹೆಂಡತಿಯನ್ನು ನೋಡಿದ. ಅವನಿಗೆ ತೀರ್ಮಾನಿಸುವ ಶಕ್ತಿ ಇರಲಿಲ್ಲ, ಅದು ಅವಳಿಗೂ ಕಂಡಿತು. ಹಾಕಿಬಿಡಿ ಎಂದಿದ್ದರೆ ಹಾಕಿಬಿಡುತ್ತಿದ್ದ. ಮೀಟರಮ್ಮ ಬಾಚಣಿಗೆಯನ್ನು ಕಟ್ಟೆಯ ಮೇಲಿಟ್ಟು, ಬಾವಿಯ ಪಕ್ಕದ ಚೊಂಬಿನಲ್ಲಿದ್ದ ನೀರನ್ನು ಒಲೆಗೆ ಸುರಿದಳು. ಬೂದಿ ಬುಸ್ಸೆಂದಿತು.

“ಬದುಕಿರೋರ ಅಚ್ಚು ಸುಡಬಾರದು,” ಎಂದಳು.

ಅಂದು ಅವಳು ಕೆಲಸಕ್ಕೆ ಹೋಗಲಿಲ್ಲ. ಮೇಸ್ತ್ರಿ ಅಂಗಡಿಯಲ್ಲಿ ಕಾಗದ ಹಾಸಿ, ನಿಲ್ಲು ಎಂದ. ಅವಳು ಹಿಮ್ಮಡಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ನಿಂತಳು. ಗಾಯ ನೋಡಿ ಅವನ ಪೆನ್ಸಿಲು ನಿಂತಿತು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದ. ನೀವು ಯಾಕೆ ನೋಡಲಿಲ್ಲ ಎಂದಳು ಅವಳು. ಅವನು ಅಳುತ್ತಲೇ ಗೆರೆ ಎಳೆದ. ಕಾಗದ ಎರಡು ಕಡೆ ಒದ್ದೆಯಾಗಿ ಗೆರೆಯನ್ನು ಮತ್ತೆ ಎಳೆಯಬೇಕಾಯಿತು. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದವಿದೆ ಎಂದು ಗುಬ್ಬಿ ಕಾಗದ ನೋಡಿ ಕೂಗಿದಾಗ, ಮೇಲಿನಿಂದ ಅಜ್ಜಿ, ಹಾಗಾದರೆ ಗಂಡನನ್ನು ಬೆರಳ ತುದಿಯಲ್ಲಿ ಕುಣಿಸುತ್ತಾಳೆ ಬಿಡು ಎಂದಳು. ಯಾರಿಗೂ ನಗು ಬರಲಿಲ್ಲ, ಆಮೇಲೆ ಎಲ್ಲರಿಗೂ ಬಂದಿತು.

ಅಚ್ಚು ಕೆತ್ತಲು ನಾಲ್ಕು ದಿನ ಹಿಡಿಯಿತು. ಅದನ್ನು ಕಿಟಕಿಯ ಪಕ್ಕದ ಮೊಳೆಗೇ ಹಾಕಲು ಮೇಸ್ತ್ರಿ ಹೊರಟ. ಮೀಟರಮ್ಮ ಬೇಡ ಎಂದು, ಬಾಗಿಲ ಬಳಿ ತಾನೇ ಹೊಸ ಮೊಳೆ ಹೊಡೆದಳು. ಕಿಟಕಿಯ ಅಚ್ಚಿನ ಹಳೆಯ ಚೀಟಿ ಕೆರೆದು ‘ಗುಬ್ಬಿ’ ಎಂದು ಬರೆದು ಅಂಟಿಸಿದರು. ಪದ್ಧತಿಗೆ ಇನ್ನು ಭಂಗವಿರಲಿಲ್ಲ; ಗೋಡೆಯ ಮೇಲೆ ಸತ್ತವರದು ಯಾವುದೂ ಇರಲಿಲ್ಲ.

ಈಗ ಅವಳ ಟೀಗೆ ಸಕ್ಕರೆಯಿಲ್ಲ. ಬ್ರೆಡ್ಡಿನ ಅಂಚು ತಟ್ಟೆಯಲ್ಲೇ ಇರುತ್ತದೆ. ಮೇಸ್ತ್ರಿ ಚಾಕು ಎತ್ತಿ, ನೆನಪಾಗಿ ಇಳಿಸುತ್ತಾನೆ. ಕಿಟಕಿ ಮುಚ್ಚಿರುತ್ತದೆ. ಹೊಸ ಕಂದು ಬೂಟಿನಲ್ಲಿ ಒಂಬತ್ತು ಬೀದಿ ನಡೆದರೂ ಕಾಲಿದೆಯೆಂದೇ ಅವಳಿಗೆ ಗೊತ್ತಾಗುವುದಿಲ್ಲ. ಬಸ್ಸಿನ ಹುಡುಗ ಕೊನೆಗೂ ತನ್ನ ಹುಡುಗಿಯನ್ನು ಕರೆದುಕೊಂಡು ಬಂದು ಅಳತೆ ಕೊಡಿಸಿದಾಗ, ಮೀಟರಮ್ಮನೇ ಮುಂದೆ ನಿಂತು ಕಾಗದ ಹಾಸಿದಳು.

ದಿನವೂ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವ ಹೊತ್ತಿಗೇ ಗುಬ್ಬಿ ಶಾಲೆಗೆ ಹೊರಡುತ್ತಾಳೆ. ಮೀಟರಮ್ಮ ಅಂಗಡಿಯ ಬಾಗಿಲಲ್ಲಿ ಬಗ್ಗಿ ಬೂಟಿನ ದಾರ ಕಟ್ಟುತ್ತಿರುವಾಗ ಮೆಟ್ಟಿಲ ಮೇಲೆ ಟಕ್ ಟಕ್ ಕೇಳುತ್ತದೆ. ಕೆಲಸದಲ್ಲಿ ಮುಳುಗಿರುವ ಮೇಸ್ತ್ರಿ ತಲೆಯೆತ್ತುತ್ತಾನೆ. ಮುಖ ಒಮ್ಮೆ ಬೆಳಗುತ್ತದೆ. ಮಗಳು ಕಣ್ಣಿಗೆ ಬೀಳುತ್ತಾಳೆ, ತಲೆ ಮತ್ತೆ ಕೆಳಗಾಗುತ್ತದೆ. ಅಷ್ಟೇ, ಒಂದು ಉಸಿರಿನಷ್ಟು ಹೊತ್ತು.

ಮೀಟರಮ್ಮ ದಾರ ಕಟ್ಟಿ ಮುಗಿದಿದ್ದರೂ ಬಗ್ಗಿಯೇ ಇರುತ್ತಾಳೆ. ಅವನ ತಲೆ ಕೆಳಗಾದ ಮೇಲೆ ಎದ್ದು, ಬರ್ತೀನಿ ಎನ್ನುತ್ತಾಳೆ. ಅದು ಕೆಳಗಾಗುವ ಮೊದಲು ಒಂದು ದಿನವೂ ಹೇಳಿದವಳಲ್ಲ.